ಮೇಲೆ ಎಣ್ಣೆ, ಕೆಳಗೆ ರವೆ: ಬೆಣ್ಣೆ–ತುಪ್ಪದ ತಿಳಿ ಮತ್ತು ಗಟ್ಟಿ ಭಾಗ ಬೇರೆ ಮಾಡುವ ಬಗೆ

ಹೋದ ತಿಂಗಳು ಪಕ್ಕದ ಮನೆಯವರು ತುಪ್ಪದ ಡಬ್ಬಿ ಹಿಡಿದುಕೊಂಡು ಬಂದರು. "ಅಕ್ಕಾ, ಇದನ್ನ ಸ್ವಲ್ಪ ನೋಡಿ. ಮೇಲೆ ಎಣ್ಣೆ ತರ ನಿಂತಿದೆ, ಕೆಳಗೆ ರವೆ ತರ ಕೂತಿದೆ. ಏನೋ ಬೆರೆಸಿದ್ದಾರೆ ಅನ್ಸತ್ತೆ. ಚೆಲ್ಲಿಬಿಡ್ಲಾ?" ಅಂದರು. ಊರಿಂದ ತರಿಸಿದ ಹಸುವಿನ ತುಪ್ಪ, ಒಂದು ಕೆಜಿ. ಮೂಸಿ ನೋಡಿದೆ, ಘಮ ಅಂತಿತ್ತು. ಒಂದು ಚಮಚ ಬಾಯಿಗೆ ಹಾಕಿಕೊಂಡೆ, ರುಚಿಯೂ ಚೆನ್ನಾಗಿತ್ತು. ತುಪ್ಪಕ್ಕೆ ಏನೂ ಆಗಿರಲಿಲ್ಲ. ಏಪ್ರಿಲ್ ತಿಂಗಳ ಬೆಂಗಳೂರಿನ ಸೆಕೆಯಲ್ಲಿ ಅದು ತನ್ನಷ್ಟಕ್ಕೆ ತಾನೇ ಎರಡು ಭಾಗ ಆಗಿತ್ತು ಅಷ್ಟೇ.

ಇಂಥ ತುಪ್ಪವನ್ನು ಎಷ್ಟೋ ಜನ ಕಲಬೆರಕೆ ಅಂದುಕೊಂಡು ಚೆಲ್ಲುತ್ತಾರೆ. ಇನ್ನು ಕೆಲವರು ಮನೆಯಲ್ಲಿ ಬೆಣ್ಣೆ ಕಾಯಿಸಿ, ನೀರು ಪೂರ್ತಿ ಹೋಗುವ ಮೊದಲೇ ಇಳಿಸಿ, ಹದಿನೈದು ದಿನಕ್ಕೆ ವಾಸನೆ ಬಂತು ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಎರಡಕ್ಕೂ ಕಾರಣ ಒಂದೇ. ಬೆಣ್ಣೆಯೊಳಗೆ ಏನೇನಿದೆ, ಯಾವುದು ಯಾವಾಗ ಬೇರೆಯಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಟ್ಟಿಲ್ಲ. ತುಪ್ಪ ಕಾಯಿಸುವುದು ಅಂದರೆ ಅಡುಗೆ ಬೇಯಿಸಿದ ಹಾಗಲ್ಲ, ಅದು ಬೇರ್ಪಡಿಸುವ ಕೆಲಸ. ಮೊದಲು ನೀರು ಹೋಗಬೇಕು. ಆಮೇಲೆ ಗಸಿ, ಅಂದರೆ ತಳಕ್ಕೆ ಕೂರುವ ಹಾಲಿನ ಗಟ್ಟಿ ಪದಾರ್ಥ, ಹೋಗಬೇಕು. ಕೊನೆಗೆ ಬೇಕಿದ್ದರೆ ತುಪ್ಪದೊಳಗಿನ ತಿಳಿಯನ್ನೂ ಗಟ್ಟಿಯನ್ನೂ ಬೇರೆ ಮಾಡಬಹುದು. ಈ ಮೂರನ್ನೂ ಒಂದೊಂದಾಗಿ ಹೇಳುತ್ತೇನೆ.

ಬೆಣ್ಣೆಯೊಳಗೆ ಏನಿದೆ

ಅಂಗಡಿಯ ಟೇಬಲ್ ಬೆಣ್ಣೆಯಲ್ಲಿ ಕಡಿಮೆ ಅಂದರೂ ಶೇಕಡಾ 80 ಕೊಬ್ಬು ಇರಬೇಕು, ನೀರು ಶೇಕಡಾ 16 ದಾಟಬಾರದು, ಹಾಲಿನ ಉಳಿದ ಗಟ್ಟಿ ಪದಾರ್ಥ ಶೇಕಡಾ 2 ಮತ್ತು ಉಪ್ಪು ಶೇಕಡಾ 3 ಮೀರಬಾರದು. ಇದು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಉಪ್ಪಿಲ್ಲದ ಬಿಳಿ ಬೆಣ್ಣೆಗೆ ಕೊಬ್ಬು ಶೇಕಡಾ 76 ಇದ್ದರೂ ಆಯಿತು. ತುಪ್ಪದ ಲೆಕ್ಕ ಬೇರೆ. ಅದರಲ್ಲಿ ಹಾಲಿನ ಕೊಬ್ಬು ಶೇಕಡಾ 99.5 ಇರಬೇಕು, ನೀರು ಅರ್ಧ ಶೇಕಡಾಕ್ಕಿಂತ ಜಾಸ್ತಿ ಇರಬಾರದು.

ಅಂದರೆ ಅರ್ಧ ಕೆಜಿ ಬೆಣ್ಣೆಯೊಳಗೆ ಸುಮಾರು 80 ಗ್ರಾಂ ನೀರೇ ಇರಬಹುದು. ಒಂದು ಚಿಕ್ಕ ಕಾಫಿ ಲೋಟದಷ್ಟು! ಮನೆಯಲ್ಲಿ ಕಡೆದ ಬೆಣ್ಣೆಯನ್ನು ಸರಿಯಾಗಿ ಹಿಂಡದಿದ್ದರೆ ಇನ್ನೂ ಜಾಸ್ತಿ.

ಇಷ್ಟು ನೀರು ಬೆಣ್ಣೆಯಲ್ಲಿ ಕಾಣುವುದೇ ಇಲ್ಲ, ಅಲ್ವಾ? ಹಾಲಿನ ಕೆನೆಯಲ್ಲಿ ನೀರೊಳಗೆ ಕೊಬ್ಬಿನ ಸಣ್ಣ ಸಣ್ಣ ಗುಳ್ಳೆಗಳು ತೇಲುತ್ತಿರುತ್ತವೆ. ಕಡಗೋಲಿನಿಂದ ಕಡೆದಾಗ ಆ ಗುಳ್ಳೆಗಳ ಮೇಲಿನ ತೆಳು ಪೊರೆ ಹರಿದು, ಕೊಬ್ಬಿಗೆ ಕೊಬ್ಬು ಅಂಟಿಕೊಂಡು ಮುದ್ದೆಯಾಗುತ್ತದೆ, ಮಜ್ಜಿಗೆ ಹೊರಗೆ ಉಳಿಯುತ್ತದೆ. ಆದರೂ ಸ್ವಲ್ಪ ನೀರು ಮುದ್ದೆಯೊಳಗೆ ಸಿಕ್ಕಿಕೊಂಡುಬಿಡುತ್ತದೆ. ಆಗ ಎಲ್ಲ ತಿರುವುಮುರುವು. ಮೊದಲು ನೀರೊಳಗೆ ಕೊಬ್ಬಿತ್ತು, ಈಗ ಕೊಬ್ಬೊಳಗೆ ನೀರಿನ ಹನಿ. ಗಟ್ಟಿ ಕೊಬ್ಬಿನ ಹರಳುಗಳು ಆ ಹನಿಗಳನ್ನು ಹಿಡಿದಿಟ್ಟಿರುತ್ತವೆ. ಬೆಣ್ಣೆ ಕರಗಿತು ಅಂದರೆ ಹಿಡಿತ ಬಿಟ್ಟಿತು. ಹನಿಗಳು ಒಂದಕ್ಕೊಂದು ಸೇರಿ ದಪ್ಪವಾಗಿ ತಳಕ್ಕೆ ಇಳಿಯುತ್ತವೆ, ಕೊಬ್ಬು ಹಗುರ ಆದ್ದರಿಂದ ಮೇಲೆ ನಿಲ್ಲುತ್ತದೆ. ಒಂದು ಲೀಟರ್ ತುಪ್ಪ ತೂಗಿದರೆ ಸುಮಾರು 905ರಿಂದ 910 ಗ್ರಾಂ ಮಾತ್ರ. ಅಂಗಡಿಯ ಒಂದು ಲೀಟರ್ ತುಪ್ಪದ ಪ್ಯಾಕೆಟ್ ತಿರುಗಿಸಿ ನೋಡಿ, ತೂಕ ಅಷ್ಟೇ ಬರೆದಿರುತ್ತದೆ.

ಒಲೆ ಹಚ್ಚುವ ಮೊದಲು ಲೋಟದಲ್ಲಿ ಒಮ್ಮೆ ನೋಡಿ

ತುಪ್ಪ ಕಾಯಿಸುವ ಮುಂಚೆ ಇದನ್ನು ಒಂದೇ ಒಂದು ಸಲ ಮಾಡಿ ನೋಡಿ. ಮನೆಯಲ್ಲಿ ಮಕ್ಕಳಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ಕಣ್ಣಲ್ಲಿ ಕಂಡಿದ್ದು ಮರೆಯೋದಿಲ್ಲ.

ಬಿಸಿ ತಡೆಯುವ ಎತ್ತರದ ಗಾಜಿನ ಲೋಟಕ್ಕೆ ಸರಿಯಾಗಿ 100 ಗ್ರಾಂ ಬೆಣ್ಣೆ ತೂಗಿ ಹಾಕಿ. ಬೆಣ್ಣೆ ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿದ್ದಿರಲಿ, ತಣ್ಣನೆಯ ಲೋಟವನ್ನು ಬಿಸಿನೀರಿಗೆ ಇಟ್ಟರೆ ಒಡೆಯುತ್ತದೆ. ಒಂದು ಪಾತ್ರೆಯಲ್ಲಿ ನೀರು ಬಿಸಿ ಮಾಡಿ, ಕುದಿ ಬರುವ ಮೊದಲೇ ಒಲೆ ಆರಿಸಿ. ಕೈ ಇಡಲು ಆಗದಷ್ಟು ಬಿಸಿ ಇದ್ದರೆ ಸಾಕು. ಅದರೊಳಗೆ ಲೋಟ ಇಡಿ. ಕಲಕಬೇಡಿ, ಅಲ್ಲಾಡಿಸಬೇಡಿ. ಅರ್ಧ ಗಂಟೆ ಸುಮ್ನೆ ಬಿಡಿ. ನೀರು ಆರಿದರೆ ಬದಲಾಯಿಸಿ.

ಆಮೇಲೆ ನೋಡಿದರೆ ಮೂರು ಪದರ ಕಾಣುತ್ತದೆ. ಮೇಲೆ ತೆಳುವಾದ ಬಿಳಿ ನೊರೆ. ನಡುವೆ ಬಂಗಾರದ ಬಣ್ಣದ ತಿಳಿ ಕೊಬ್ಬು, ಲೋಟದ ಬಹುಪಾಲು ಅದೇ. ತಳದಲ್ಲಿ ಹಾಲು ಬೆರೆತ ನೀರಿನ ಹಾಗೆ ಬೆಳ್ಳಗಿರುವ ದ್ರವ. ಆ ತಳದ ದ್ರವದಲ್ಲಿ ನೀರು, ಹಾಲಿನ ಪ್ರೋಟೀನು, ಹಾಲಿನ ಸಕ್ಕರೆ ಮತ್ತು ಉಪ್ಪಿನ ಬೆಣ್ಣೆಯಾಗಿದ್ದರೆ ಉಪ್ಪೂ ಇದೆ. ಉಪ್ಪು ಕೊಬ್ಬಿನಲ್ಲಿ ಕರಗುವುದಿಲ್ಲ, ಹಾಗಾಗಿ ನೀರಿನ ಜೊತೆಗೇ ಇರುತ್ತದೆ.

ಲೋಟ ಪೂರ್ತಿ ಆರಿದ ಮೇಲೆ ಫ್ರಿಜ್ಜಿನಲ್ಲಿ ಮೂರು ನಾಲ್ಕು ಗಂಟೆ ಇಡಿ. ಮೇಲಿನ ಕೊಬ್ಬು ಬಿಲ್ಲೆಯ ಹಾಗೆ ಗಟ್ಟಿಯಾಗುತ್ತದೆ, ತಳದ ನೀರು ನೀರಾಗಿಯೇ ಇರುತ್ತದೆ. ಸುತ್ತ ಒಂದು ಚಾಕು ಆಡಿಸಿ, ಬಿಲ್ಲೆಗೆ ಒಂದು ತೂತು ಮಾಡಿ ನೀರು ಬಸಿದುಬಿಡಿ. ಬಿಲ್ಲೆ ತೆಗೆದು, ತಣ್ಣೀರಲ್ಲಿ ಅಡಿಭಾಗ ತೊಳೆದು, ಒರೆಸಿ, ತೂಗಿ. ಟೇಬಲ್ ಬೆಣ್ಣೆಯಾಗಿದ್ದರೆ 80 ಗ್ರಾಂ ಆಸುಪಾಸು ಬರುತ್ತದೆ. ಊರಿನ ಬೆಣ್ಣೆ ತಂದು ಇದನ್ನೇ ಮಾಡಿ ನೋಡಿ. ಎಷ್ಟು ನೀರಿಗೆ ಬೆಣ್ಣೆಯ ದುಡ್ಡು ಕೊಟ್ಟಿದ್ದೀರಿ ಅಂತ ಗೊತ್ತಾಗುತ್ತದೆ.

ಅಡುಗೆ ಎಣ್ಣೆಯಿಂದ ಬೆಣ್ಣೆಯ ಹಾಗೆ ಮಾಡಿದ, ಬ್ರೆಡ್ಡಿಗೆ ಹಚ್ಚುವ ಮಾರ್ಗರೀನು, ಫ್ಯಾಟ್ ಸ್ಪ್ರೆಡ್ಡು ಇವನ್ನೂ ಹೀಗೇ ಪರೀಕ್ಷೆ ಮಾಡಬಹುದು. ಮಾರ್ಗರೀನಿನಲ್ಲಿ ಕೊಬ್ಬು ಬೆಣ್ಣೆಯಷ್ಟೇ, ಶೇಕಡಾ 80. ಸ್ಪ್ರೆಡ್ಡುಗಳಲ್ಲಿ ಅದಕ್ಕಿಂತ ಕಡಿಮೆ. ಕೆಲವದರಲ್ಲಿ ಅರ್ಧಕ್ಕರ್ಧ ನೀರೇ. ಆದರೆ ಅವಕ್ಕೆ ನೀರನ್ನೂ ಎಣ್ಣೆಯನ್ನೂ ಅಂಟಿಸಿ ಹಿಡಿಯುವ ಲೆಸಿಥಿನ್ ತರದ ಪದಾರ್ಥ ಹಾಕಿರುತ್ತಾರೆ. ಹಾಗಾಗಿ ಬೆಣ್ಣೆಯಷ್ಟು ಬೇಗ ಬೇರೆಯಾಗುವುದಿಲ್ಲ, ಒಂದೆರಡು ಗಂಟೆ ಬಿಸಿನೀರಲ್ಲಿ ಬಿಡಬೇಕಾಗಬಹುದು. ಗಂಜಿಯಂಥದ್ದು ಸೇರಿಸಿದ್ದರೆ ಚೆನ್ನಾಗಿ ಬೇರೆಯಾಗುವುದೇ ಇಲ್ಲ. ಡಬ್ಬಿಯ ಮೇಲೆ ಶೇಕಡಾ ಎಷ್ಟು ಕೊಬ್ಬು ಅಂತ ಬರೆದಿರುತ್ತದೆ, ಅದನ್ನು ಓದಿಯೇ ಕೊಳ್ಳಿ. ಇವನ್ನು ಕಾಯಿಸಿ ತುಪ್ಪ ಮಾಡುತ್ತೇನೆ ಅಂತ ಮಾತ್ರ ಹೊರಡಬೇಡಿ. ಸ್ಪ್ರೆಡ್ಡಿನಲ್ಲಿ ನೀರು ಜಾಸ್ತಿ ಇರುವುದರಿಂದ ಸಿಕ್ಕಾಪಟ್ಟೆ ಸಿಡಿಯುತ್ತದೆ, ಕೊನೆಗೆ ಸಿಗುವುದೂ ಅಡುಗೆ ಎಣ್ಣೆಯೇ.

ಒಲೆಯ ಮೇಲೆ

ಮನೆಯ ಕೆನೆಯಿಂದ ಶುರು ಮಾಡುವವರಿಗೆ ಎರಡು ಮಾತು. ಕೆನೆಯನ್ನು ಫ್ರಿಜ್ಜಿನಲ್ಲಿ ಒಂದು ವಾರದ ಮೇಲೆ ಕೂಡಿಡಬೇಡಿ, ಕಹಿ ಬರುತ್ತದೆ. ಕಡೆಯುವ ಹಿಂದಿನ ರಾತ್ರಿ ಒಂದು ಚಮಚ ಮೊಸರು ಹಾಕಿ ಹೊರಗಿಟ್ಟು ಹೆಪ್ಪು ಮಾಡಿದರೆ ತುಪ್ಪಕ್ಕೆ ಬರುವ ಪರಿಮಳವೇ ಬೇರೆ. ಕಡೆಯುವಾಗ ತಣ್ಣೀರು ಹಾಕಿ, ಬೇಸಿಗೆಯಾದರೆ ಐಸು ಹಾಕಿ. ಬೆಚ್ಚಗಿದ್ದರೆ ಬೆಣ್ಣೆ ಮುದ್ದೆಯಾಗದೆ ಮಜ್ಜಿಗೆಯಲ್ಲೇ ಉಳಿದುಹೋಗುತ್ತದೆ. ಬೆಣ್ಣೆ ಬಂದ ಮೇಲೆ ಎರಡು ಸಲ ತಣ್ಣೀರಲ್ಲಿ ತೊಳೆದು ಕೈಯಲ್ಲಿ ಒತ್ತಿ ನೀರು ಹಿಂಡಿ. ನಾಲ್ಕೈದು ಸಲ ತೊಳೆಯುವವರೂ ಇದ್ದಾರೆ. ನನಗೆ ಅದು ಬೇಡ ಅನ್ನಿಸುತ್ತದೆ. ಗಸಿ ಸ್ವಲ್ಪ ಇದ್ದರೇ ತುಪ್ಪಕ್ಕೆ ಘಮ. ಪೂರ್ತಿ ತೊಳೆದರೆ ತುಪ್ಪ ಸಪ್ಪೆ.

ಈಗ ಪಾತ್ರೆ. ದಪ್ಪ ತಳದ್ದೇ ಬೇಕು. ಬೆಣ್ಣೆ ಕರಗಿದಾಗ ಪಾತ್ರೆಯ ಅರ್ಧಕ್ಕಿಂತ ಕೆಳಗಿರಬೇಕು. ನಾನು ಒಮ್ಮೆ ಒಂದು ಕೆಜಿ ಬೆಣ್ಣೆಯನ್ನು ಚಿಕ್ಕ ಪಾತ್ರೆಯಲ್ಲಿ ಇಟ್ಟಿದ್ದೆ. ಹಾಲು ಉಕ್ಕಿದ ಹಾಗೆ ಉಕ್ಕಿ, ಒಲೆ ತುಂಬ ಹರಿದು, ಉರಿಗೆ ತಾಗಿ ಭಗ್ ಅಂತ ಹೊತ್ತಿಕೊಂಡಿತು. ತಕ್ಷಣ ಗ್ಯಾಸ್ ಆರಿಸಿ ಪಾತ್ರೆ ಮೇಲೆ ತಟ್ಟೆ ಮುಚ್ಚಿದ್ದರಿಂದ ಏನೂ ಆಗಲಿಲ್ಲ. ಇಂಥ ಬೆಂಕಿಗೆ ಯಾವ ಕಾರಣಕ್ಕೂ ನೀರು ಹಾಕಬೇಡಿ. ನೀರು ಒಮ್ಮೆಗೇ ಆವಿಯಾಗಿ ಉರಿಯುವ ಕೊಬ್ಬನ್ನು ಎಲ್ಲ ಕಡೆ ಎರಚುತ್ತದೆ.

ಉರಿ ಸಣ್ಣಗಿಟ್ಟು ಬೆಣ್ಣೆ ಕರಗಿಸಿ. ಮುಚ್ಚಳ ಬೇಡ, ಹೊರಗೆ ಹೋಗಬೇಕಾದ ನೀರು ಮುಚ್ಚಳಕ್ಕೆ ತಾಗಿ ಹನಿಯಾಗಿ ವಾಪಸ್ ಬೀಳುತ್ತದೆ. ಇನ್ನು ಮುಂದೆ ಕಣ್ಣಿಗಿಂತ ಕಿವಿ ಮುಖ್ಯ.

ಮೊದಲು ದಪ್ಪ ಬಿಳಿ ನೊರೆ ಬರುತ್ತದೆ, ಕೆಳಗಿನದು ಏನೂ ಕಾಣುವುದಿಲ್ಲ. ಆಮೇಲೆ ದೊಡ್ಡ ದೊಡ್ಡ ಗುಳ್ಳೆ, ಕೊತಕೊತ ಅನ್ನುವ ಜೋರು ಸದ್ದು. ಕುದಿಯುತ್ತಿರುವುದು ನೀರು. ತುಪ್ಪ ಕುದಿಯುವುದಿಲ್ಲ. ನೀರು ಇರುವವರೆಗೂ ಪಾತ್ರೆಯ ಬಿಸಿ 100 ಡಿಗ್ರಿಗಿಂತ ಸ್ವಲ್ಪವೇ ಮೇಲೆ ನಿಂತಿರುತ್ತದೆ, ಏಕೆಂದರೆ ನೀವು ಕೊಟ್ಟ ಶಾಖವೆಲ್ಲ ನೀರನ್ನು ಆವಿ ಮಾಡಲು ಹೋಗುತ್ತಿದೆ. ಈ ಹೊತ್ತಿನಲ್ಲಿ ಸೀಯುವ ಭಯ ಅಷ್ಟಿಲ್ಲ. ಸೌಟಿನಲ್ಲಿ ಆಗಾಗ ತಳ ಕೆರೆದುಕೊಟ್ಟರೆ ಸಾಕು. ಅರ್ಧ ಕೆಜಿ ಬೆಣ್ಣೆಗೆ ಸಣ್ಣ ಉರಿಯಲ್ಲಿ ಈ ಹಂತ ಹದಿನೈದು ನಿಮಿಷ, ಕೆಲವೊಮ್ಮೆ ಇಪ್ಪತ್ತು ನಿಮಿಷ ನಡೆಯುತ್ತದೆ.

ಸದ್ದು ನಿಧಾನವಾಗಿ ಇಳಿಯುತ್ತದೆ. ಕೊತಕೊತ ಹೋಗಿ ಚಿಟಿಚಿಟಿ ಆಗುತ್ತದೆ. ಗುಳ್ಳೆ ಸಣ್ಣದಾಗುತ್ತದೆ. ನೊರೆ ಸರಿಸಿ ನೋಡಿದರೆ ಕೆಳಗೆ ತಿಳಿಯಾದ ತುಪ್ಪ, ಅದರ ತಳದಲ್ಲಿ ಬಿಳಿ ಗಸಿ ಕಾಣುತ್ತದೆ. ಇಲ್ಲಿಂದ ಒಲೆ ಬಿಟ್ಟು ಕದಲಬೇಡಿ! ನೀರು ಮುಗಿಯುತ್ತಾ ಬಂತು ಅಂದರೆ ಬಿಸಿಯನ್ನು ಹಿಡಿದಿಡುವುದು ಏನೂ ಇಲ್ಲ, ಅದು 110, 120 ಅಂತ ಸರ್ರನೆ ಏರುತ್ತದೆ. ಆ ಬಿಸಿಗೆ ಗಸಿಯಲ್ಲಿರುವ ಹಾಲಿನ ಸಕ್ಕರೆ ಮತ್ತು ಪ್ರೋಟೀನು ಕೆಂಪಾಗುತ್ತವೆ. ತುಪ್ಪದ ಘಮ ಹುಟ್ಟುವುದೇ ಇಲ್ಲಿ. ಅದೇ ಗಸಿ ಇನ್ನೆರಡು ನಿಮಿಷಕ್ಕೆ ಕಪ್ಪಾಗುವುದೂ ಇಲ್ಲೇ. ಒಮ್ಮೆ ಇದೇ ಹೊತ್ತಿಗೆ ಫೋನ್ ಬಂತು ಅಂತ ಪಡಸಾಲೆಗೆ ಹೋದೆ. ಬರುವಷ್ಟರಲ್ಲಿ ಮನೆಯೆಲ್ಲ ಸೀದ ವಾಸನೆ, ತುಪ್ಪವೆಲ್ಲ ಕಹಿ. ಸೋಸಿದೆ, ಮತ್ತೆ ಸೋಸಿದೆ, ಕಹಿ ಹೋಗಲಿಲ್ಲ. ಸೀದ ತುಪ್ಪವನ್ನು ಸರಿ ಮಾಡುವ ದಾರಿ ಇಲ್ಲ.

ಸದ್ದು ಹೆಚ್ಚುಕಡಿಮೆ ನಿಂತು, ಮೇಲೆ ಮತ್ತೊಂದು ಸಲ ನುಣುಪಾದ ಸಣ್ಣ ನೊರೆ ಏಳುತ್ತದೆ. ಈ ಎರಡನೇ ನೊರೆಯೇ ಗುರುತು. ಗಸಿ ಗೋಧಿ ಬಣ್ಣಕ್ಕೆ ಬಂದಿರುತ್ತದೆ. ನಿಮಗೆ ಬೇಕಾದ ಬಣ್ಣಕ್ಕಿಂತ ಒಂದು ಕೂದಲೆಳೆ ಮೊದಲೇ ಒಲೆ ಆರಿಸಿ. ದಪ್ಪ ತಳದ ಪಾತ್ರೆಯ ಬಿಸಿ ಇನ್ನೂ ಸ್ವಲ್ಪ ಹೊತ್ತು ಕೆಲಸ ಮಾಡುತ್ತಲೇ ಇರುತ್ತದೆ. ನಮ್ಮ ದಕ್ಷಿಣದ ಕಡೆ ಉತ್ತರದವರಿಗಿಂತ ಸ್ವಲ್ಪ ಜಾಸ್ತಿ ಕಾಯಿಸಿದ ತುಪ್ಪವೇ ಇಷ್ಟ. ನನಗೂ ಅದೇ ರುಚಿ. ಆದರೆ ಮೊದಲ ಸಲ ಮಾಡುವವರು ತಿಳಿ ಬಣ್ಣದಲ್ಲೇ ನಿಲ್ಲಿಸಿ.

ಒಲೆ ಆರಿಸಿದ ಕೂಡಲೇ ಒಂದು ವೀಳ್ಯದೆಲೆಯನ್ನೋ, ನಾಲ್ಕು ಕಡ್ಡಿ ನುಗ್ಗೆ ಸೊಪ್ಪನ್ನೋ ಹಾಕುವ ರೂಢಿ ನಮ್ಮಲ್ಲಿದೆ. ಕೆಲವರು ನಾಲ್ಕು ಕಾಳು ಮೆಂತ್ಯ ಹಾಕುತ್ತಾರೆ. ಇದು ಬರೀ ಪರಿಮಳಕ್ಕಲ್ಲ. ವೀಳ್ಯದೆಲೆಯಲ್ಲಿ ಕೊಬ್ಬು ಕಮಟಾಗುವುದನ್ನು ತಡೆಯುವ ಪದಾರ್ಥಗಳಿವೆ. ಆದರೆ ಎಲೆಯನ್ನು ತೊಳೆದು, ಬಟ್ಟೆಯಲ್ಲಿ ಒತ್ತಿ ಒರೆಸಿ, ಒಂದು ಹನಿ ನೀರೂ ಇಲ್ಲದ ಹಾಗೆ ಹಾಕಿ. ಒದ್ದೆ ಎಲೆ ಹಾಕಿದರೆ ಕೈಗೆ ಮುಖಕ್ಕೆ ಸಿಡಿಯುತ್ತದೆ.

ನೀರು ಪೂರ್ತಿ ಹೋಯಿತಾ ಅಂತ ನೋಡಲು ಕೆಲವರು ಬಿಸಿ ತುಪ್ಪಕ್ಕೆ ನೀರು ಚಿಮುಕಿಸುತ್ತಾರೆ. ದಯವಿಟ್ಟು ಮಾಡಬೇಡಿ. ತುಪ್ಪ ಆರಿದ ಮೇಲೆ ಒಂದು ಹತ್ತಿಯ ಬತ್ತಿಯನ್ನು ಅದರಲ್ಲಿ ಅದ್ದಿ ಹಣತೆಯಲ್ಲಿಟ್ಟು ಹಚ್ಚಿ. ಬತ್ತಿ ಚಟಪಟ ಅಂದರೆ ನೀರಿದೆ. ಸದ್ದಿಲ್ಲದೆ ನೆಟ್ಟಗೆ ಉರಿದರೆ ತುಪ್ಪ ಸರಿಯಾಗಿದೆ. ಚಟಪಟ ಅಂದರೆ ಗಾಬರಿ ಬೇಡ, ಇನ್ನೊಂದು ಐದು ನಿಮಿಷ ಸಣ್ಣ ಉರಿಯಲ್ಲಿಟ್ಟರೆ ಆಯಿತು.

ಸೋಸಲು ಅವಸರ ಮಾಡಬೇಡಿ. ಹತ್ತು ಹದಿನೈದು ನಿಮಿಷ ಬಿಟ್ಟರೆ ಗಸಿ ತಾನೇ ತಳಕ್ಕೆ ಕೂರುತ್ತದೆ, ಬಿಸಿಯೂ ಇಳಿಯುತ್ತದೆ. ಮೇಲಿನ ತಿಳಿಯನ್ನು ಸೌಟಿನಿಂದ ತೆಗೆದು, ಒಣಗಿದ ಸ್ಟೀಲ್ ಡಬ್ಬಿಗೋ ಗಾಜಿನ ಬಾಟಲಿಗೋ ತೆಳು ಬಟ್ಟೆಯ ಮೂಲಕ ಸೋಸಿ. ಗಸಿಯ ಜೊತೆಗಿನ ಕೊನೆಯ ಭಾಗವನ್ನು ಬೇರೆ ಬಟ್ಟಲಿಗೆ ಸೋಸಿಕೊಂಡು ಅದನ್ನು ಮೊದಲು ಖರ್ಚು ಮಾಡಿ. ಉಪ್ಪಿನ ಬೆಣ್ಣೆ ಕಾಯಿಸಿದ್ದರೆ ಬಟ್ಟೆಯಲ್ಲೇ ಸೋಸಬೇಕು. ಉಪ್ಪೆಲ್ಲ ಗಸಿಯಲ್ಲಿ ಉಳಿಯುತ್ತದೆ, ತುಪ್ಪ ಉಪ್ಪಾಗುವುದಿಲ್ಲ. ಆದರೂ ಆಯ್ಕೆ ಇದ್ದರೆ ಉಪ್ಪಿಲ್ಲದ ಬೆಣ್ಣೆಯೇ ಒಳ್ಳೆಯದು. ಅದರಲ್ಲಿ ನೊರೆಯೂ ಕಡಿಮೆ, ಸಿಡಿತವೂ ಕಡಿಮೆ, ಗಸಿಯನ್ನು ತಿನ್ನಲೂ ಆಗುತ್ತದೆ.

ಎಷ್ಟು ತುಪ್ಪ ಬರಬೇಕು? ಒಂದು ಕೆಜಿ ಬಿಳಿ ಬೆಣ್ಣೆಗೆ 700ರಿಂದ 750 ಗ್ರಾಂ ಬಂದರೆ ಸರಿಯಾಗಿದೆ ಅನ್ನಬಹುದು. ಅಮೆರಿಕದಲ್ಲಿರುವ ನಮ್ಮವರು ಅಲ್ಲಿನ ಉಪ್ಪಿಲ್ಲದ ಬೆಣ್ಣೆಯ ಒಂದು ಪೌಂಡ್ ಪೆಟ್ಟಿಗೆ, ಅಂದರೆ 454 ಗ್ರಾಂ, ಕಾಯಿಸುತ್ತಾರಲ್ಲ, ಅದರಲ್ಲಿ ಶೇಕಡಾ 80ರ ಲೆಕ್ಕಕ್ಕೆ 363 ಗ್ರಾಂ ಕೊಬ್ಬಿರುತ್ತದೆ. ಗಸಿ ಒಂದಿಷ್ಟು ಕುಡಿದುಕೊಳ್ಳುತ್ತದೆ. 340 ಗ್ರಾಂ ಸಿಕ್ಕರೆ ಚೆನ್ನಾಗಿ ಮಾಡಿದ್ದೀರಿ.

ಇನ್ನು ತುಪ್ಪದೊಳಗಿನ ತಿಳಿ ಮತ್ತು ಗಟ್ಟಿ

ಪಕ್ಕದ ಮನೆಯ ಡಬ್ಬಿಗೆ ವಾಪಸ್ ಬರೋಣ. ತುಪ್ಪ ಅಂದರೆ ಒಂದೇ ಬಗೆಯ ಕೊಬ್ಬಲ್ಲ. ಹತ್ತಾರು ಬಗೆಯ ಕೊಬ್ಬುಗಳು ಸೇರಿ ಆಗಿರುವುದು. ಒಂದೊಂದು ಒಂದೊಂದು ಬಿಸಿಗೆ ಕರಗುತ್ತದೆ. ಕೆಲವು ಫ್ರಿಜ್ಜಿನಲ್ಲಿಟ್ಟರೂ ಗಟ್ಟಿಯಾಗುವುದಿಲ್ಲ, ಕೆಲವು ಮೈಬಿಸಿಗೆ ಬಂದರೇ ಕರಗುವುದು. 40 ಡಿಗ್ರಿ ದಾಟಿದರೆ ಎಲ್ಲವೂ ನೀರು ನೀರು. ಅದಕ್ಕೇ ಮೇ ತಿಂಗಳ ಕಲಬುರಗಿಯಲ್ಲಿ ತುಪ್ಪ ಎಣ್ಣೆಯ ಹಾಗೆ ಸುರಿಯುತ್ತದೆ, ಡಿಸೆಂಬರಿನ ಮಡಿಕೇರಿಯಲ್ಲಿ ಚಮಚ ಬಾಗುವಷ್ಟು ಗಟ್ಟಿ. ನಡುವಿನ ಹವೆಯಲ್ಲಿ, 28–30 ಡಿಗ್ರಿ ಹತ್ತಿರ, ಬೇಗ ಗಟ್ಟಿಯಾಗುವ ಕೊಬ್ಬು ಹರಳಾಗಿ ತಳಕ್ಕೆ ಕೂರುತ್ತದೆ, ಉಳಿದದ್ದು ತಿಳಿಯಾಗಿ ಮೇಲೆ ನಿಲ್ಲುತ್ತದೆ. ಇದನ್ನೇ ಅವರು ಕಲಬೆರಕೆ ಅಂದುಕೊಂಡಿದ್ದು.

ತಾನಾಗಿ ಆಗುವ ಇದನ್ನು ನಾವೂ ಬೇಕೆಂದೇ ಮಾಡಬಹುದು. ಎರಡೂ ಭಾಗಕ್ಕೆ ಬೇರೆ ಬೇರೆ ಉಪಯೋಗ ಇದೆ.

ಮೊದಲು ತುಪ್ಪದ ಡಬ್ಬಿಯನ್ನು ಬಿಸಿನೀರಲ್ಲಿಟ್ಟು ಒಂದೇ ಒಂದು ಹರಳೂ ಉಳಿಯದ ಹಾಗೆ ಪೂರ್ತಿ ಕರಗಿಸಿ. ಕರಗಿದ ಮೇಲೂ ಹತ್ತು ಹದಿನೈದು ನಿಮಿಷ ಬಿಸಿನೀರಲ್ಲೇ ಇರಲಿ. ಕಣ್ಣಿಗೆ ಕಾಣದ ಸಣ್ಣ ಹರಳು ಉಳಿದಿದ್ದರೂ ಮುಂದೆ ಅದರ ಸುತ್ತ ಬೇಗ ಬೇಗ ಪುಡಿಪುಡಿ ಹರಳು ಕಟ್ಟಿಬಿಡುತ್ತದೆ. ನಮಗೆ ಬೇಕಾಗಿರುವುದು ದಪ್ಪ ಹರಳು. ದಪ್ಪ ಹರಳಾದರೆ ಮಾತ್ರ ಬಟ್ಟೆಯಲ್ಲಿ ನಿಲ್ಲುತ್ತದೆ.

ಆಮೇಲೆ ಅಗಲ ಬಾಯಿಯ ಸ್ಟೀಲ್ ಪಾತ್ರೆಗೆ ಹಾಕಿ ಮುಚ್ಚಿ, ದಪ್ಪ ಟವೆಲ್ಲಿನಲ್ಲಿ ಸುತ್ತಿ ಒಂದು ಮೂಲೆಯಲ್ಲಿಡಿ. ನಿಧಾನವಾಗಿ ಆರಬೇಕು, ಅದೇ ಇದರ ಗುಟ್ಟು. ಬೇಗ ತಣಿಸಿದರೆ ಎಲ್ಲ ಬಗೆಯ ಕೊಬ್ಬೂ ಒಟ್ಟಿಗೇ ಗಟ್ಟಿಯಾಗಿ ನುಣ್ಣನೆಯ ಮುದ್ದೆಯಾಗುತ್ತದೆ, ಯಾವುದೂ ಬೇರೆಯಾಗುವುದಿಲ್ಲ. ಬಿಸಿ ತುಪ್ಪವನ್ನು ಫ್ರಿಜ್ಜಿಗಿಟ್ಟು "ನಮ್ಮ ತುಪ್ಪ ಮರಳು ಮರಳಾಗಲೇ ಇಲ್ಲ" ಅನ್ನುವವರಿಗೂ ಇದೇ ಉತ್ತರ. ಮಾರ್ಚಿಯಿಂದ ಮೇವರೆಗೆ ಬೆಂಗಳೂರು–ಮೈಸೂರಿನ ಅಡುಗೆಮನೆ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಚಳಿಗಾಲದಲ್ಲಿ ಥರ್ಮಾಕೋಲ್ ಪೆಟ್ಟಿಗೆಯೊಳಗೆ ಪಾತ್ರೆಯ ಜೊತೆಗೆ ಉಗುರುಬೆಚ್ಚಗಿನ ನೀರಿನ ಬಾಟಲಿ ಇಡಿ. ಒಂದು ದಿನ ಪೂರ್ತಿ ಮುಟ್ಟಬೇಡಿ.

ಮರುದಿನ ತೆಗೆದರೆ ತಳದಲ್ಲಿ ಹರಳು, ಮೇಲೆ ತಿಳಿ. ಒಂದು ಜರಡಿಗೆ ತೆಳು ಬಟ್ಟೆ ಹಾಸಿ, ಕೆಳಗೆ ಬಟ್ಟಲಿಟ್ಟು, ಎಲ್ಲವನ್ನೂ ನಿಧಾನವಾಗಿ ಸುರಿದು ಎರಡು ಮೂರು ಗಂಟೆ ಬಿಡಿ. ತಾನಾಗಿಯೇ ಹನಿ ಹನಿಯಾಗಿ ಇಳಿಯಲಿ. ಬೇಗ ಆಗಲಿ ಅಂತ ಹಿಂಡಿದರೆ ಕೈಬಿಸಿಗೆ ಹರಳು ಕರಗಿ ಬಟ್ಟೆಯಿಂದ ಆಚೆ ಬಂದುಬಿಡುತ್ತದೆ, ಮಾಡಿದ ಕೆಲಸ ವ್ಯರ್ಥ. ಇಷ್ಟಾದರೂ ಹರಳಿನ ಭಾಗದಲ್ಲಿ ಸಾಕಷ್ಟು ತಿಳಿ ಸಿಕ್ಕಿಕೊಂಡೇ ಇರುತ್ತದೆ, ಪೂರ್ತಿ ಒಣಗಿದ ಪುಡಿ ಬರುತ್ತದೆ ಅಂದುಕೊಳ್ಳಬೇಡಿ. ಸೋಸಿದ ತಿಳಿಯನ್ನು ಇನ್ನೂ ತಣ್ಣನೆಯ ಜಾಗದಲ್ಲಿಟ್ಟರೆ ಅದರಲ್ಲೂ ಮತ್ತೆ ಹರಳು ಕಟ್ಟುತ್ತದೆ, ಬೇಕಿದ್ದರೆ ಮತ್ತೆ ಸೋಸಬಹುದು.

ತಿಳಿ ಭಾಗ ಬಿಸಿ ಅನ್ನಕ್ಕೆ, ಹೋಳಿಗೆಯ ಮೇಲೆ ಸುರಿಯಲು. ಪರಿಮಳ ಮತ್ತು ಹಳದಿ ಬಣ್ಣ ಹೆಚ್ಚಾಗಿ ಇದರಲ್ಲೇ ಇರುತ್ತದೆ. ಹಸುವಿನ ತುಪ್ಪವಾದರೆ ಈ ಹಳದಿ ಚೆನ್ನಾಗಿ ಕಾಣುತ್ತದೆ, ಎಮ್ಮೆ ತುಪ್ಪ ಬೆಳ್ಳಗಿರುತ್ತದೆ, ಹರಳು ಮಾತ್ರ ದಪ್ಪ. ಗಟ್ಟಿ ಭಾಗವನ್ನು ನಾನು ಚಿರೋಟಿಗೆ ಎತ್ತಿಡುತ್ತೇನೆ. ಚಿರೋಟಿಯ ಪದರಗಳ ನಡುವೆ ಹಚ್ಚುವ ಸಾಟಿಗೆ ತುಪ್ಪವನ್ನೂ ಅಕ್ಕಿ ಹಿಟ್ಟನ್ನೂ ಚೆನ್ನಾಗಿ ನಾದಬೇಕಲ್ಲ, ತುಪ್ಪ ತೆಳುವಾಗಿದ್ದರೆ ಲಟ್ಟಿಸುವಾಗ ಹೊರಗೆ ಹರಿದುಬಿಡುತ್ತದೆ. ಗಟ್ಟಿ ಭಾಗ ಅಲ್ಲೇ ನಿಲ್ಲುತ್ತದೆ, ಪದರ ಬಿಡಿಬಿಡಿಯಾಗಿ ಏಳುತ್ತದೆ. ಬಿಸ್ಕತ್ತಿಗೂ ಇದು ಚೆನ್ನ.

ಇದೇ ಕೆಲಸವನ್ನು ಕಾರ್ಖಾನೆಗಳು ದೊಡ್ಡದಾಗಿ ಮಾಡುತ್ತವೆ. ನ್ಯಾಯಬೆಲೆ ಅಂಗಡಿಗಳಲ್ಲಿ ಕೊಡುತ್ತಿದ್ದ ಪಾಮೋಲಿನ್ ನೆನಪಿದೆಯಾ? ತಾಳೆ ಎಣ್ಣೆಯನ್ನು ನಿಧಾನವಾಗಿ ತಣಿಸಿ, ಹರಳಾದ ಗಟ್ಟಿ ಭಾಗವನ್ನು ಸೋಸಿ ತೆಗೆದಾಗ ಉಳಿಯುವ ತಿಳಿಯೇ ಪಾಮೋಲಿನ್. ಗಟ್ಟಿ ಭಾಗ ಸೋಪಿಗೆ, ಬೇಕರಿಯ ಕೊಬ್ಬಿಗೆ ಹೋಗುತ್ತದೆ. ಫ್ರಾನ್ಸಿನ ಇಪೊಲಿಟ್ ಮೇಜ್ ಮೂರಿಯೆ 1869ರಲ್ಲಿ ಮೊದಲ ಮಾರ್ಗರೀನ್ ಮಾಡಿದ್ದೂ ಹೀಗೆಯೇ. ದನದ ಕೊಬ್ಬನ್ನು ಕರಗಿಸಿ, ಬೆಚ್ಚಗಿನ ಜಾಗದಲ್ಲಿ ನಿಧಾನವಾಗಿ ಹರಳು ಕಟ್ಟಿಸಿ, ಒತ್ತಿ ತಿಳಿಯನ್ನು ಬೇರೆ ಮಾಡಿ, ಆ ತಿಳಿಯನ್ನು ಹಾಲಿನ ಜೊತೆ ಕಡೆದ.

ಒಂದು ಎಚ್ಚರಿಕೆ ಹೇಳಲೇಬೇಕು. ಎರಡು ಪದರ ಆಯಿತು ಅಂತ ಕಲಬೆರಕೆ ಅಲ್ಲ ನಿಜ, ಆದರೆ ಹರಳು ಹರಳಾಗಿದೆ ಅಂತ ಶುದ್ಧವೂ ಅಲ್ಲ. ವನಸ್ಪತಿಯನ್ನೂ, ಅಂದರೆ ಡಾಲ್ಡಾ ತರದ ಗಟ್ಟಿ ಮಾಡಿದ ಎಣ್ಣೆಯನ್ನೂ, ತುಪ್ಪದ ಹಾಗೆ ಕಾಣಲಿ ಅಂತ ಹರಳು ಹರಳಾಗಿ ಮಾಡುತ್ತಿದ್ದರು. ತುಪ್ಪಕ್ಕೆ ವನಸ್ಪತಿ ಬೆರೆಸಿದರೆ ಸಿಕ್ಕಿಬೀಳಲಿ ಅಂತಲೇ ನಮ್ಮ ದೇಶದಲ್ಲಿ ವನಸ್ಪತಿಗೆ ಕನಿಷ್ಠ ಶೇಕಡಾ 5 ಎಳ್ಳೆಣ್ಣೆ ಸೇರಿಸಬೇಕು ಅಂತ ನಿಯಮ ಮಾಡಿದ್ದು. ಎಳ್ಳೆಣ್ಣೆ ಇದ್ದರೆ ಬೊಡುವಾಂ ಪರೀಕ್ಷೆಯಲ್ಲಿ ಕೆಂಪು ಬಣ್ಣ ಬರುತ್ತದೆ. ಅದಕ್ಕೆ ಗಟ್ಟಿ ಆಸಿಡ್ ಬೇಕು, ಮನೆಯಲ್ಲಿ ಮಾಡುವಂಥದ್ದಲ್ಲ. ಅನುಮಾನ ಇದ್ದರೆ ಲ್ಯಾಬಿಗೆ ಕೊಡಿ. ಅಂಗೈ ಮೇಲೆ ಕರಗಿತು, ಕರಗಲಿಲ್ಲ ಅನ್ನುವ ಪರೀಕ್ಷೆಗಳನ್ನು ನಂಬಿ ಒಳ್ಳೆಯ ತುಪ್ಪ ಮಾಡಿ ಮಾರುವವರ ಹೆಸರು ಕೆಡಿಸಬೇಡಿ.

ಪಕ್ಕದ ಮನೆಯವರಿಗೆ ನಾನು ಹೇಳಿದ್ದು ಇಷ್ಟೇ. ಡಬ್ಬಿಯನ್ನು ಬಿಸಿನೀರಲ್ಲಿಟ್ಟು ಪೂರ್ತಿ ಕರಗಿಸಿ, ಕಲಕಿ, ಎರಡು ಚಿಕ್ಕ ಡಬ್ಬಿಗೆ ಹಾಕಿಕೊಳ್ಳಿ. ಒಂದು ಬಳಸಲು, ಇನ್ನೊಂದು ಎತ್ತಿಡಲು. ಒದ್ದೆ ಚಮಚ ಹಾಕಬೇಡಿ, ಒಲೆಯ ಪಕ್ಕ ಇಡಬೇಡಿ, ಬೆಳಕು ಬೀಳುವ ಕಡೆ ಬೇಡ. ಡಬ್ಬಿ ತುಂಬ ಇದ್ದಷ್ಟೂ ಒಳ್ಳೆಯದು. ಗಾಳಿ, ಬೆಳಕು, ಬಿಸಿ ಸೇರಿದರೆ ಕೊಬ್ಬು ಕಮಟಾಗುತ್ತದೆ. ಹುಳಿ ವಾಸನೆ ಬಂದರೆ ಒಳಗೆ ನೀರೋ ಗಸಿಯೋ ಉಳಿದಿದೆ ಅಂತ ಅರ್ಥ. ಪ್ರತಿ ಸಲ ತಿಳಿ ಮತ್ತು ಗಟ್ಟಿ ಎರಡೂ ಸಮನಾಗಿ ಬರಬೇಕಾದರೆ ಬಳಸುವ ಡಬ್ಬಿಯನ್ನು ಆಗಾಗ ಕಲಕುತ್ತಿರಿ. ಇಲ್ಲದಿದ್ದರೆ ಮೊದಲ ವಾರ ಬರೀ ತಿಳಿ ತಿಂದು, ಕೊನೆಗೆ ಬರೀ ಗಟ್ಟಿ ಉಳಿಯುತ್ತದೆ.

ಗಸಿಯ ವಿಷಯ ಒಂದು ಉಳಿಯಿತು. ಅದನ್ನು ಬಿಸಾಡಬೇಡಿ. ಬೆಲ್ಲದ ಪುಡಿ ಕಲಸಿ ಕೊಟ್ಟರೆ ಮಕ್ಕಳು ಬಟ್ಟಲು ನೆಕ್ಕುತ್ತಾರೆ. ಬಿಸಿ ಅನ್ನಕ್ಕೆ ಚಟ್ನಿಪುಡಿ ಜೊತೆ ಕಲಸಿಕೊಳ್ಳಬಹುದು. ಚಪಾತಿ ಹಿಟ್ಟಿಗೆ ಹಾಕಿ ನಾದಿದರೆ ಚಪಾತಿ ಸಂಜೆಯವರೆಗೂ ಮೆತ್ತಗಿರುತ್ತದೆ. ಗಸಿ ಕಪ್ಪಾಗಿದ್ದರೆ ಮಾತ್ರ ಬೇಡ. ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನದೊಳಗೆ ಮುಗಿಸಿ.